ದೇವರ ಕರೆ ಬಂದಿದೆ ಅನಿಸಿದ ಮೇಲೆ, ಹೆಜ್ಜೆ ಇಡುವ ಮುಂಚೆ: ಪ್ರಾರ್ಥನೆ ಮಾಡುವವರಿಗೆ ಒಂದು ಮಾರ್ಗದರ್ಶಿ

ಸತ್ಯವೇದದಲ್ಲಿ (ಬೈಬಲ್) ನೆಹೆಮೀಯನ ಪುಸ್ತಕ ಓದುವಾಗ ಒಂದು ಲೆಕ್ಕ ಹಾಕಿ ನೋಡಿ. ಅವನು ಪರ್ಷಿಯದ ರಾಜನ ಅರಮನೆಯಲ್ಲಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಅನ್ನುವ ಸುದ್ದಿ ಅವನಿಗೆ ಮುಟ್ಟಿದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ. ಅದರ ಬಗ್ಗೆ ರಾಜನ ಮುಂದೆ ಅವನು ಬಾಯಿ ಬಿಟ್ಟಿದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಆ ದಿನಗಳಲ್ಲಿ ಅವನು ಅತ್ತನು, ಉಪವಾಸ ಮಾಡಿದನು, ಪ್ರಾರ್ಥಿಸಿದನು. ರಾಜನಿಗೆ ದ್ರಾಕ್ಷಾರಸ ಕೊಡುವ ಕೆಲಸವನ್ನೂ ಬಿಡಲಿಲ್ಲ. ಆಮೇಲೆ ಗೋಡೆ ಕಟ್ಟಿ ಮುಗಿಸಲು ಹಿಡಿದಿದ್ದು 52 ದಿನ. ಕಟ್ಟಿದ ದಿನಗಳಿಗಿಂತ ಬೇಡಿದ ದಿನಗಳೇ ಜಾಸ್ತಿ!

ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ನನ್ನದೂ ಹಾಗೇ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರದ ಪ್ರಸಂಗ ಕೇಳಿ ಎದೆ ಉರಿಯಿತು. ಮಕ್ಕಳಿಗೆ ಸತ್ಯವೇದದ ಪಾಠ ಹೇಳಿಕೊಡಲು ದೇವರು ನನ್ನನ್ನು ಕರೆಯುತ್ತಿದ್ದಾರೆ ಅನಿಸಿತು. ಮಂಗಳವಾರದ ಹೊತ್ತಿಗೆ ಜಾಗ ಗೊತ್ತಾಗಿತ್ತು, ಗುರುವಾರ ಎಲ್ಲರಿಗೂ ಸುದ್ದಿ ಹೋಗಿತ್ತು. ಶನಿವಾರ ರಾತ್ರಿ ಮಲಗುವ ಮುಂಚೆ "ಕರ್ತನೇ, ನಾಳೆ ಶುರುವಾಗುವ ಈ ಕೆಲಸವನ್ನು ಆಶೀರ್ವದಿಸು" ಎಂದು ಬೇಡಿಕೊಂಡೆ. ಆ ಇಡೀ ವಾರದಲ್ಲಿ ದೇವರ ಹತ್ತಿರ ಅದರ ಬಗ್ಗೆ ಮಾತಾಡಿದ್ದು ಅದೊಂದೇ ಸಲ. ಅದೂ ಕೇಳಿದ್ದಲ್ಲ, ತಿಳಿಸಿದ್ದು. ಏಳನೇ ವಾರಕ್ಕೆ ತರಗತಿ ನಿಂತುಹೋಯಿತು. ಕರೆ ಸುಳ್ಳಾಗಿರಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ಆದರೆ ಯಾರಿಗೆ, ಯಾವಾಗ, ಯಾರ ಜೊತೆ, ಎಷ್ಟು ದಿನ ಅನ್ನೋದನ್ನು ನಾನು ಕೇಳಲೇ ಇಲ್ಲ.

ಪೂರ್ಣಾವಧಿ ಸೇವೆಗೆ ಕೆಲಸ ಬಿಡಬೇಕೇ, ಒಂದು ಪ್ರಾರ್ಥನಾ ಗುಂಪು ಶುರು ಮಾಡಬೇಕೇ, ಬೇರೆ ಊರಿಗೆ ಸೇವೆಗೆ ಹೋಗಬೇಕೇ, ಯಾರೂ ಇಲ್ಲದ ಒಂದು ಮಗುವನ್ನು ಮನೆಗೆ ತರಬೇಕೇ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಎಡವಿ ಕಲಿತದ್ದು ಇದರಲ್ಲಿ ಸ್ವಲ್ಪ, ಸತ್ಯವೇದದಲ್ಲಿ ಎಡವಿದವರನ್ನು ನೋಡಿ ಕಲಿತದ್ದು ಜಾಸ್ತಿ.

1. ಇದಕ್ಕೆ ಪ್ರಾರ್ಥನೆ ಬೇಕೋ, ಬರೀ ವಿಧೇಯತೆ ಬೇಕೋ?

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮಗೆ ಬಂದಿರುವ ಕರೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ದೇವರಿಗಾಗಿ ಏನಾದರೂ ಮಾಡಬೇಕು" ಅಂದರೆ ಆಗಲಿಲ್ಲ. "ಕೆಲಸ ಬಿಟ್ಟು ಎರಡು ವರ್ಷ ದೇವಶಾಸ್ತ್ರ ಓದಬೇಕು ಅನಿಸುತ್ತಿದೆ" ಅಂದರೆ ಆಯಿತು. ಒಂದು ವಾಕ್ಯಕ್ಕೆ ಇಳಿಯದಿದ್ದರೆ, ಮೊದಲ ವಾರದ ಪ್ರಾರ್ಥನೆ ಅದಕ್ಕೇ ಇರಲಿ.

ಬರೆದ ಮೇಲೆ ಕೇಳಿಕೊಳ್ಳಿ: ಇದನ್ನು ದೇವರು ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದಾರಾ? ಹಾಗಿದ್ದರೆ ತಿಂಗಳುಗಟ್ಟಲೆ ಕಾಯುವ ಅಗತ್ಯವಿಲ್ಲ. ಜಗಳವಾಡಿದ ಅಣ್ಣನ ಹತ್ತಿರ ಹೋಗಿ ರಾಜಿ ಆಗಬೇಕೇ ಎಂದು ಉಪವಾಸ ಪ್ರಾರ್ಥನೆ ಇಡುವುದು ಭಕ್ತಿಯಲ್ಲ, ತಪ್ಪಿಸಿಕೊಳ್ಳುವ ದಾರಿ. ಹಸಿದವರಿಗೆ ಊಟ ಕೊಡಬೇಕೇ ಅನ್ನೋದೂ ಅಷ್ಟೇ. ಕೆಂಪು ಸಮುದ್ರದ ಮುಂದೆ ಮೋಶೆಗೆ ದೇವರು ಹೇಳಿದ್ದೇನು? ನನಗೆ ಯಾಕೆ ಮೊರೆಯಿಡುತ್ತೀ, ಜನರಿಗೆ ಮುಂದೆ ನಡೆಯಲು ಹೇಳು ಎಂದು (ವಿಮೋಚನಕಾಂಡ 14:15). ಆಯಿ ಪಟ್ಟಣದಲ್ಲಿ ಸೋತು ಬೋರಲು ಬಿದ್ದಿದ್ದ ಯೆಹೋಶುವನಿಗೂ 'ಏಳು' ಅನ್ನುವ ಮಾತೇ ಬಂತು, ಯಾಕಂದರೆ ಅಲ್ಲಿ ಬೇಕಾಗಿದ್ದದ್ದು ಪಾಳೆಯದಲ್ಲಿದ್ದ ಪಾಪವನ್ನು ಹುಡುಕಿ ತೆಗೆಯುವುದು. ದೇವರು ಬೇಡ ಅಂದಿರುವ ಕೆಲಸಕ್ಕೂ ಪ್ರಾರ್ಥನೆ ಬೇಕಿಲ್ಲ. ಮೋಸದಿಂದ ಬಂದ ದುಡ್ಡಿನಲ್ಲಿ ಸೇವೆ ಮಾಡಲೇ ಅನ್ನುವ ಪ್ರಶ್ನೆಗೆ ಉತ್ತರ ಮೊದಲೇ ಇದೆ.

ಇವೆರಡೂ ಅಲ್ಲದೆ ಉಳಿಯುವುದು ನಡುವಿನ ದೊಡ್ಡ ಜಾಗ. ಹೋಗಬಹುದು, ಹೋಗದೆಯೂ ಇರಬಹುದು. ಈಗ ಆಗಬಹುದು, ಐದು ವರ್ಷ ಬಿಟ್ಟೂ ಆಗಬಹುದು. ಕೇಳಬೇಕಾದದ್ದು ಇಲ್ಲೇ.

2. ನಿಮ್ಮ ಮನಸ್ಸು ಆಗಲೇ ಎತ್ತ ವಾಲಿದೆ, ಒಪ್ಪಿಕೊಳ್ಳಿ

ಈ ಹೆಜ್ಜೆಯನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ನನ್ನ ಅನುಭವದಲ್ಲಿ ಹೆಚ್ಚಿನ ಪ್ರಾರ್ಥನೆಗಳು ಹಾಳಾಗುವುದು ಇಲ್ಲೇ.

ಯೆರೆಮೀಯನ 42ನೇ ಅಧ್ಯಾಯ ತೆಗೆದು ಓದಿ. ಯೆರೂಸಲೇಮ್ ಬಿದ್ದ ಮೇಲೆ ಉಳಿದ ಜನ ಪ್ರವಾದಿಯ ಹತ್ತಿರ ಬಂದು, ನಮಗೋಸ್ಕರ ದೇವರನ್ನು ಕೇಳು, ಒಳ್ಳೆಯದಿರಲಿ ಕೆಟ್ಟದ್ದಿರಲಿ ಅವರು ಹೇಳಿದಂತೆ ಮಾಡುತ್ತೇವೆ ಎಂದು ಮಾತು ಕೊಡುತ್ತಾರೆ. ಹತ್ತು ದಿನ ಕಳೆದ ಮೇಲೆ ಉತ್ತರ ಬರುತ್ತದೆ: ಇಲ್ಲೇ ಇರಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡಿ. ಕೇಳಿದ ಕೂಡಲೇ ಅವರು ಏನಂದರು ಗೊತ್ತಾ? ನೀನು ಸುಳ್ಳು ಹೇಳುತ್ತಿದ್ದೀ ಎಂದರು! ಅವರ ಹೆಜ್ಜೆ ಮೊದಲೇ ಐಗುಪ್ತದ ಕಡೆ ತಿರುಗಿತ್ತು. ಬಂದದ್ದು ದಾರಿ ಕೇಳಲು ಅಲ್ಲ, ಹೊರಟ ದಾರಿಗೆ ಮುದ್ರೆ ಹಾಕಿಸಿಕೊಳ್ಳಲು. ಅದನ್ನು ಓದಿದಾಗಲೆಲ್ಲ ನನ್ನ ಆ ಶನಿವಾರ ರಾತ್ರಿ ನೆನಪಾಗುತ್ತದೆ.

ಹಾಗಂತ ಮನಸ್ಸಿನಲ್ಲಿ ಆಸೆಯೇ ಇರಬಾರದು ಅಂತಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತಮ್ಮ ಆಸೆಯನ್ನು ಮುಚ್ಚಿಡಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬಾಯಿಬಿಟ್ಟು ಹೇಳಿದರು. ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟುಕೊಟ್ಟರು. ಅದೂ ಒಂದೇ ಸಲಕ್ಕಲ್ಲ. ಮೂರು ಸಲ ಹೋಗಿ ಪ್ರಾರ್ಥಿಸಿದರು ಎಂದು ಮತ್ತಾಯನು ಬರೆಯುತ್ತಾನೆ. ದೇವಕುಮಾರನೇ ಮೂರು ಸಲ ಹೋದ ಮೇಲೆ ನಮಗೆ ಮೂವತ್ತು ಸಲ ಬೇಕಾದರೆ ನಾಚಿಕೆ ಪಡುವುದೇನಿದೆ?

ಹೀಗೆ ಮಾಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆಯಿರಿ: "ದೇವರು ಹೂಂ ಅಂದರೆ ನನಗೆ ಹೇಗನಿಸುತ್ತದೆ?" ಎದುರು ಪುಟದಲ್ಲಿ: "ಬೇಡ ಅಂದರೆ ಹೇಗನಿಸುತ್ತದೆ?" ಸುಳ್ಳು ಬರೆಯಬೇಡಿ, ಯಾರೂ ಓದುವುದಿಲ್ಲ. 'ಬೇಡ' ಅನ್ನುವ ಪುಟದಲ್ಲಿ ಅವಮಾನ, ಜನ ಏನಂದುಕೊಳ್ಳುತ್ತಾರೋ, ಇಷ್ಟು ದಿನ ಹೇಳಿಕೊಂಡು ತಿರುಗಿದೆನಲ್ಲ ಅನ್ನುವಂಥ ಮಾತುಗಳು ಬಂದರೆ, ನಿಮಗೆ ಪ್ರಿಯವಾಗಿರುವುದು ಕರೆಯೋ ಅದರ ಜೊತೆ ಬರುವ ಹೆಸರೋ ಎಂದು ತಿಳಿಯುತ್ತದೆ. 'ಹೂಂ' ಅನ್ನುವ ಪುಟದಲ್ಲಿ "ಸದ್ಯ, ಈಗಿನ ಕೆಲಸದಿಂದ ಬಿಡುಗಡೆ ಆಯಿತು" ಎಂದು ಬಂದರೆ, ಅದು ಕರೆಗಿಂತ ದಣಿವು ಇರಬಹುದು. ದಣಿವಿಗೆ ರಜೆ ಬೇಕು, ರಾಜೀನಾಮೆ ಅಲ್ಲ.

19ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಕೂಡ ದೇವರ ಚಿತ್ತ ತಿಳಿಯುವುದಕ್ಕೆ ಮೊದಲ ಹೆಜ್ಜೆ ಇದೇ ಅನ್ನುತ್ತಿದ್ದರು. ಆ ವಿಷಯದಲ್ಲಿ ತನ್ನದೇ ಆದ ಇಷ್ಟ ಇಲ್ಲದ ಸ್ಥಿತಿಗೆ ಹೃದಯವನ್ನು ತರಬೇಕು, ಕಷ್ಟ ಇರುವುದೆಲ್ಲ ಹೆಚ್ಚುಕಡಿಮೆ ಅಲ್ಲೇ ಎಂದು ಅವರ ಅನುಭವ. ಅವರ ಕಥೆಗೆ ಇನ್ನೊಮ್ಮೆ ಬರುತ್ತೇನೆ.

3. ದಿನ, ಹೊತ್ತು, ಗಡುವು

"ಪ್ರಾರ್ಥನೆ ಮಾಡ್ತಾ ಇದ್ದೀನಿ" ಅನ್ನೋ ಮಾತು ನಮ್ಮಲ್ಲಿ ಎಷ್ಟು ಸವೆದಿದೆ ಅಂದರೆ, ಅದರ ಅರ್ಥ 'ನಿರ್ಧಾರ ಮಾಡಿಲ್ಲ' ಎಂದಷ್ಟೇ ಆಗಿಬಿಟ್ಟಿದೆ. ಅದಕ್ಕೆ ಗಡುವು ಇಟ್ಟುಕೊಳ್ಳಿ. ಸಣ್ಣ ವಿಷಯಕ್ಕೆ ಒಂದೆರಡು ವಾರ, ಮನೆ ಮತ್ತು ಸಂಬಳ ಎರಡೂ ಅಲುಗಾಡುವಂಥ ವಿಷಯಕ್ಕೆ ಎರಡು ಮೂರು ತಿಂಗಳು. ಇದು ದೇವರಿಗೆ ಹಾಕುವ ಗಡುವಲ್ಲ, ನಮಗೆ. ಆ ದಿನ ಬಂದಾಗ ಕುಳಿತು ಇಲ್ಲಿಯವರೆಗೆ ಏನಾಯಿತು ಎಂದು ನೋಡುತ್ತೇವೆ, ಅಷ್ಟೇ.

ದಿನಕ್ಕೆ ಇಪ್ಪತ್ತು ನಿಮಿಷ ಈ ಒಂದು ವಿಷಯಕ್ಕೇ ಮೀಸಲಿಡಿ. ಮಾಮೂಲಿ ಪ್ರಾರ್ಥನೆಯ ಕೊನೆಗೆ ಅಂಟಿಸಬೇಡಿ. ಬೆಳಗ್ಗೆ ಆಗುವವರಿಗೆ ಬೆಳಗ್ಗೆ, ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ಅವರ ಬಿಡುವಿನ ಹೊತ್ತು.

ಆ ಇಪ್ಪತ್ತು ನಿಮಿಷ ಏನು ಹೇಳಬೇಕು? ನೆಹೆಮೀಯನ ಪ್ರಾರ್ಥನೆಯನ್ನೇ ಅಚ್ಚಾಗಿ ಇಟ್ಟುಕೊಳ್ಳಿ. ಅದು 1ನೇ ಅಧ್ಯಾಯದ 5ರಿಂದ 11ನೇ ವಚನದವರೆಗೆ ಇದೆ. ಒಟ್ಟು ಏಳು ವಚನ. ಮೊದಲು ದೇವರು ಎಂಥವರು ಅನ್ನೋದು. ಆಮೇಲೆ ಪಾಪದ ಅರಿಕೆ, ಅದರಲ್ಲಿ 'ಅವರು' ಇಲ್ಲ. 'ನಾನೂ ನನ್ನ ತಂದೆಯ ಮನೆಯವರೂ' ಎಂದು ಇದೆ. ಆಮೇಲೆ ಮೋಶೆಯ ಮೂಲಕ ದೇವರು ಕೊಟ್ಟ ವಾಗ್ದಾನವನ್ನು ನೆನಪಿಸುವುದು. ತನಗೆ ಬೇಕಾದದ್ದನ್ನು ಅವನು ಕೇಳುವುದು ಕಟ್ಟಕಡೆಯ ವಚನದಲ್ಲಿ: ಈ ಮನುಷ್ಯನ ಮುಂದೆ ನನಗೆ ದಯೆ ಸಿಗಲಿ ಎಂದು. ಪ್ರಪಂಚದ ಅತಿ ದೊಡ್ಡ ರಾಜ ಅರ್ತಷಸ್ತ ಅವನ ಪ್ರಾರ್ಥನೆಯಲ್ಲಿ ಬರೀ 'ಈ ಮನುಷ್ಯ' ಆಗಿಬಿಟ್ಟಿದ್ದಾನೆ! ಆರು ವಚನ ದೇವರನ್ನು ನೋಡಿದ ಮೇಲೆ ರಾಜ ಅಷ್ಟು ಚಿಕ್ಕವನಾಗಿ ಕಂಡನೇನೋ. ನಾವಾಗಿದ್ದರೆ ಕೊನೆಯ ವಚನದಿಂದ ಶುರು ಮಾಡಿ ಅಲ್ಲೇ ಮುಗಿಸುತ್ತಿದ್ದೆವು.

ಉಪವಾಸ ಮಾಡುವವರು ಮಾಡಿ. ಅಂತಿಯೋಕ್ಯದ ಸಭೆಯವರು ಉಪವಾಸದಲ್ಲಿದ್ದಾಗಲೇ ಬಾರ್ನಬ ಮತ್ತು ಸೌಲರನ್ನು (ಈ ಸೌಲನೇ ಮುಂದೆ ಪೌಲ) ಸೇವೆಗಾಗಿ ಬೇರೆ ಮಾಡಿರಿ ಎಂದು ಪವಿತ್ರಾತ್ಮನು ಹೇಳಿದ್ದು. ಆದರೆ ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ಒಂದು ದಿನ ಫೋನ್ ಮುಟ್ಟದೆ ಇದ್ದು ನೋಡಿ, ಕೆಲವರಿಗೆ ಊಟ ಬಿಡುವುದಕ್ಕಿಂತ ಅದೇ ಕಷ್ಟ.

4. ಕೇಳಿಸಿಕೊಳ್ಳುವುದು

ಸತ್ಯವೇದವನ್ನು ಕಣ್ಣು ಮುಚ್ಚಿ ತೆರೆದು ಬೆರಳಿಟ್ಟ ವಚನವನ್ನು ಉತ್ತರ ಎಂದುಕೊಳ್ಳುವ ಅಭ್ಯಾಸ ಇದ್ದರೆ ಈ ಸಲ ಬಿಟ್ಟುಬಿಡಿ. ಬದಲಿಗೆ ಗಡುವಿನ ಅವಧಿಗೆ ಒಂದು ಪುಸ್ತಕ ಆರಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿ. ನೆಹೆಮೀಯ ಆಗಬಹುದು, ಅಪೊಸ್ತಲರ ಕೃತ್ಯಗಳು ಆಗಬಹುದು. ಯಾವ ಮಾತು ತಡೆದು ನಿಲ್ಲಿಸಿತೋ ಅದನ್ನು ತಾರೀಖು ಹಾಕಿ ಬರೆಯಿರಿ. ನಿಮಗೆ ಇಷ್ಟವಾದ ವಚನಗಳನ್ನಷ್ಟೇ ಅಲ್ಲ, ಚುಚ್ಚಿದ ವಚನಗಳನ್ನೂ.

ಗುರುತು ಕೇಳಬಹುದಾ? ಈ ಪ್ರಶ್ನೆ ಬಂದಾಗಲೆಲ್ಲ ಗಿದ್ಯೋನನ ಉಣ್ಣೆ ಬರುತ್ತದೆ. ಕಣದಲ್ಲಿ ಉಣ್ಣೆ ಹಾಸಿ, ಅದು ಮಾತ್ರ ಇಬ್ಬನಿಯಿಂದ ತೋಯಲಿ ಎಂದು ದೇವರ ಹತ್ತಿರ ಗುರುತು ಕೇಳಿದವನು ಅವನು. ಅವನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಿ. ಉಣ್ಣೆ ಹಾಸುವ ಮುಂಚೆಯೇ ದೇವರು ಅವನಿಗೆ ಸ್ಪಷ್ಟವಾಗಿ 'ಹೋಗು' ಅಂದಾಗಿತ್ತು. ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ, "ನೀನು ಹೇಳಿದಂತೆ" ಎಂದು. ಅದು ಕರೆ ತಿಳಿಯುವ ವಿಧಾನ ಅಲ್ಲ, ಹೆದರಿದವನ ಮೇಲೆ ದೇವರು ತೋರಿಸಿದ ತಾಳ್ಮೆ. ಅದಕ್ಕಿಂತ ಅಬ್ರಹಾಮನ ಸೇವಕ ಕೇಳಿದ ಗುರುತು ನನಗೆ ಹಿಡಿಸುತ್ತದೆ. ಅವನು ಇಸಾಕನಿಗೆ ಹೆಣ್ಣು ಹುಡುಕಲು ಹೋದವನು. ನನಗೆ ನೀರು ಕೊಟ್ಟು, ಒಂಟೆಗಳಿಗೂ ಕುಡಿಸುತ್ತೇನೆ ಅನ್ನುವ ಹುಡುಗಿ ಸಿಗಲಿ ಎಂದು ಬೇಡಿಕೊಂಡನು. ಅವನ ಜೊತೆ ಇದ್ದದ್ದು ಹತ್ತು ಒಂಟೆ. ಬಾವಿಯಿಂದ ಕೊಡದಲ್ಲಿ ನೀರು ತಂದು ಹತ್ತು ಒಂಟೆಗಳಿಗೆ ಕುಡಿಸುವುದು ಹುಡುಗಾಟವಲ್ಲ. ಅಂದರೆ ಅವನು ಕೇಳಿದ ಗುರುತಿನಲ್ಲೇ ಹುಡುಗಿಯ ಗುಣ ಗೊತ್ತಾಗುತ್ತಿತ್ತು. ನೀವೂ ಗುರುತು ಕೇಳುವುದಾದರೆ ವಿಷಯಕ್ಕೆ ಸಂಬಂಧ ಇರುವುದನ್ನೇ ಕೇಳಿ. ಮಕ್ಕಳ ನಡುವೆ ಸೇವೆಗೆ ಕರೆ ಇದೆಯಾ ಅನ್ನೋದಕ್ಕೆ ನಾಳೆ ಮಳೆ ಬರುವುದೂ ಬರದಿರುವುದೂ ಏನು ಹೇಳೀತು? ಒಂದು ತಿಂಗಳು ಯಾರದ್ದಾದರೂ ತರಗತಿಯಲ್ಲಿ ಸಹಾಯಕ್ಕೆ ನಿಲ್ಲಿ. ಮಕ್ಕಳು ನಿಮ್ಮ ಹತ್ತಿರ ಬರುತ್ತಾರಾ, ತರಗತಿ ಮುಗಿದ ಮೇಲೆ ನಿಮಗೆ ಬರೀ ಸುಸ್ತು ಉಳಿಯುತ್ತದಾ, ಸುಸ್ತಿನ ಜೊತೆ ಸಂತೋಷವೂ ಇರುತ್ತದಾ, ನೋಡಿ.

ಈ ಸಂತೋಷದ ವಿಷಯಕ್ಕೆ ಲೊಯೋಲಾದ ಇಗ್ನೇಷಿಯಸ್‌ರ ಅನುಭವ ಹೇಳಲೇಬೇಕು. ಅವರು ಸ್ಪೇನಿನ ಯೋಧ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಮಲಗಿದ್ದಾಗ ಎರಡು ಬಗೆಯ ಕನಸು ಕಾಣುತ್ತಿದ್ದರು. ಒಮ್ಮೆ ರಾಜಮನೆತನದ ಹೆಣ್ಣೊಬ್ಬಳಿಗಾಗಿ ಸಾಹಸ ಮಾಡುವ ಕನಸು, ಇನ್ನೊಮ್ಮೆ ಸಂತರಂತೆ ದೇವರಿಗಾಗಿ ಬದುಕುವ ಕನಸು. ಕಾಣುವಾಗ ಎರಡೂ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಬದುಕಿನ ತಿರುವು. ಮುಂದೆ ಅವರು ಬೇರೆಯವರಿಗೆ ಕಲಿಸಿದ ಒಂದು ನಿಯಮ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ: ಮನಸ್ಸು ಕುಗ್ಗಿ ಕತ್ತಲಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡಿ. ನಾನು ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಕೂಟದಲ್ಲಿ ಹಾಡಿ, ಕುಣಿದು, ಅತ್ತು ಬಂದ ರಾತ್ರಿಯೂ ರಾಜೀನಾಮೆ ಪತ್ರ ಬರೆಯಬೇಡಿ. ಬುಧವಾರ ಮಧ್ಯಾಹ್ನ ಮೂರು ಗಂಟೆಗೂ ಆ ಕರೆ ಕೇಳಿಸುತ್ತಿದ್ದರೆ ಆಗ ನೋಡೋಣ.

5. ಬೇರೆಯವರ ಕಿವಿ

ಬಾಲಕ ಸಮುವೇಲನಿಗೆ ದೇವರ ಸ್ವರ ಕೇಳಿತು. ಅದು ದೇವರದ್ದೆಂದು ಗೊತ್ತಾಗಲಿಲ್ಲ. ಮೂರು ಸಲ ಎದ್ದು ಯಾಜಕನಾದ ಏಲಿಯ ಹತ್ತಿರ ಓಡಿದನು. ಏಲಿ ಆಗ ಒಳ್ಳೆಯ ಸ್ಥಿತಿಯಲ್ಲಿ ಇರಲಿಲ್ಲ. ಕಣ್ಣು ಮಬ್ಬು, ಮಕ್ಕಳು ದಾರಿ ತಪ್ಪಿದವರು. ಆದರೂ ಅದು ಯಾರ ಸ್ವರ ಎಂದು ಅವನೇ ತಿಳಿಸಿಕೊಟ್ಟನು. ಸಲಹೆ ಕೊಡುವವರು ಪರಿಪೂರ್ಣರಾಗಿರಬೇಕು ಎಂದು ಕಾದು ಕೂರಬೇಡಿ.

ಮೂರು ಜನ ಸಾಕು. ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿ ಮೊದಲನೆಯವರು, ಇದರಲ್ಲಿ ಚೌಕಾಸಿ ಇಲ್ಲ. ಮನೆಯವರಿಗೆ ಕೊನೆಗೆ ತಿಳಿಸಿ "ದೇವರೇ ಹೇಳಿದ್ದಾರೆ" ಅಂದುಬಿಟ್ಟರೆ ಅವರ ಬಾಯಿ ಕಟ್ಟಿದ ಹಾಗೆ. ದೇವರು ಹೇಳಿದ ಮೇಲೆ ಅವರು ಏನು ಹೇಳಬೇಕು? ಎರಡನೆಯವರು ನಿಮ್ಮ ಪಾಸ್ಟರ್ ಅಥವಾ ಸಭೆಯ ಹಿರಿಯರೊಬ್ಬರು. ಮೂರನೆಯವರು ನಿಮಗೆ 'ಬೇಡ' ಎಂದು ಮುಖಕ್ಕೆ ಹೇಳುವ ಧೈರ್ಯ ಇರುವ ಸ್ನೇಹಿತರು. ಅಂಥವರು ಒಬ್ಬರೂ ಇಲ್ಲದಿದ್ದರೆ, ಕರೆಗಿಂತ ಮೊದಲು ಅದರ ಬಗ್ಗೆ ಯೋಚಿಸಬೇಕು.

ಒಂದು ಎಚ್ಚರಿಕೆ. ದಾವೀದನು ದೇವಾಲಯ ಕಟ್ಟಬೇಕು ಅಂದಾಗ ನಾತಾನನು ತಕ್ಷಣ, ನಿನ್ನ ಮನಸ್ಸಿನಲ್ಲಿರುವುದನ್ನೆಲ್ಲ ಮಾಡು, ದೇವರು ನಿನ್ನ ಜೊತೆ ಇದ್ದಾರೆ ಅಂದನು. ನಾತಾನನು ನಿಜವಾದ ಪ್ರವಾದಿ. ಆಸೆಯೂ ಒಳ್ಳೆಯದೇ. ಆದರೆ ಅದೇ ರಾತ್ರಿ ದೇವರು ಅವನಿಗೆ ಬೇರೆಯೇ ಹೇಳಿದರು: ಕಟ್ಟುವವನು ದಾವೀದನಲ್ಲ, ಅವನ ಮಗ. ಬೆಳಗ್ಗೆ ನಾತಾನನು ಹೋಗಿ ತನ್ನ ಮಾತು ತಾನೇ ತಿದ್ದಬೇಕಾಯಿತು. ಆದ್ದರಿಂದ ನಿಮ್ಮ ಮೂವರಿಗೂ ವಿಷಯ ಹೇಳಿದ ದಿನವೇ ಉತ್ತರ ಕೇಳಬೇಡಿ. "ಒಂದು ವಾರ ಇದಕ್ಕಾಗಿ ಪ್ರಾರ್ಥಿಸಿ, ಆಮೇಲೆ ಹೇಳಿ" ಅನ್ನಿ. ಹೇಳುವಾಗಲೂ "ದೇವರು ನನ್ನನ್ನು ಕರೆದಿದ್ದಾರೆ" ಅನ್ನುವ ಬದಲು "ಕರೆದಿರಬಹುದು ಅನಿಸುತ್ತಿದೆ, ನಿಮಗೇನು ಕಾಣುತ್ತದೆ?" ಅಂದರೆ ಅವರಿಗೆ ಮಾತಾಡಲು ಜಾಗ ಸಿಗುತ್ತದೆ.

ಉಳಿದವರಿಗೆ ಈಗಲೇ ಹೇಳಬೇಡಿ. ನೆಹೆಮೀಯನು ಯೆರೂಸಲೇಮಿಗೆ ಬಂದ ಮೇಲೂ ಮೂರು ದಿನ ಸುಮ್ಮನಿದ್ದು, ರಾತ್ರಿ ಕೆಲವೇ ಜನರನ್ನು ಕರೆದುಕೊಂಡು ಗೋಡೆ ನೋಡಲು ಹೋದನು. ದೇವರು ಮನಸ್ಸಿನಲ್ಲಿ ಹಾಕಿದ್ದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತಿನ ನಾವು ಗೋಡೆ ನೋಡುವ ಮುಂಚೆ ಸ್ಟೇಟಸ್ ಹಾಕುತ್ತೇವೆ.

6. ಪಟ್ಟಿ ಮಾಡಿ ಬೇಡಿ

ನೆಹೆಮೀಯನ ನಾಲ್ಕು ತಿಂಗಳ ಬಗ್ಗೆ ನನಗೆ ಅತಿ ಇಷ್ಟವಾದದ್ದು ಅದರ ಕೊನೆ. ರಾಜ "ನಿನಗೇನು ಬೇಕು?" ಅಂದಾಗ ಅವನು ತಡವರಿಸಲಿಲ್ಲ. ಎಷ್ಟು ದಿನ ಬೇಕು ಎಂದು ಗೊತ್ತು. ನದಿಯಾಚೆಯ ಅಧಿಪತಿಗಳಿಗೆ ಪತ್ರ ಬೇಕು ಎಂದು ಗೊತ್ತು. ರಾಜನ ಕಾಡು ನೋಡಿಕೊಳ್ಳುವವನ ಹೆಸರು ಆಸಾಫ ಎಂದೂ, ಅವನಿಂದ ಯಾವ ಯಾವ ಕೆಲಸಕ್ಕೆ ಮರ ಬೇಕೆಂದೂ ಗೊತ್ತು. ಮೊಣಕಾಲೂರಿದ್ದ ಆ ತಿಂಗಳುಗಳಲ್ಲಿ ತಲೆ ಖಾಲಿ ಕೂತಿರಲಿಲ್ಲ. ಪ್ರಾರ್ಥನೆಯೊಳಗೇ ಯೋಜನೆ ಬೆಳೆದಿತ್ತು. ನನ್ನ ಮಟ್ಟಿಗೆ ಕಾರ್ಯಕ್ಕೆ ಮುಂಚಿನ ಪ್ರಾರ್ಥನೆ ಸರಿಯಾಗಿ ನಡೆಯುತ್ತಿದೆ ಅನ್ನೋದಕ್ಕೆ ಗುರುತು ಇದೇ. ದಿನ ಕಳೆದ ಹಾಗೆ ಬೇಡಿಕೆಗಳು ಮಂಜಿನಂತೆ ಇರದೆ, ಇಂಥವರು, ಇಷ್ಟು, ಇಂಥ ದಿನ ಎಂದು ಗಟ್ಟಿಯಾಗುತ್ತಾ ಹೋಗುತ್ತವೆ.

ಈಗ ಮುಲ್ಲರ್ ಕಥೆ. ಅನಾಥ ಮಕ್ಕಳಿಗಾಗಿ ಮನೆ ತೆರೆಯಬೇಕು ಎಂದು ಅವರು 1835ರ ಕೊನೆಯಲ್ಲಿ ಪ್ರಾರ್ಥಿಸತೊಡಗಿದರು. ಹಣಕ್ಕಾಗಿ ಬೇಡಿದರು, ಕಟ್ಟಡಕ್ಕಾಗಿ ಬೇಡಿದರು, ನೋಡಿಕೊಳ್ಳುವವರಿಗಾಗಿ ಬೇಡಿದರು, ಮೇಜು ಕುರ್ಚಿಯಂಥ ಸಣ್ಣಪುಟ್ಟದ್ದಕ್ಕೂ ಬೇಡಿದರು. ಎಲ್ಲ ಸಿಕ್ಕಿತು. 1836ರ ಫೆಬ್ರವರಿಯಲ್ಲಿ ಮಕ್ಕಳನ್ನು ಸೇರಿಸಲು ಅರ್ಜಿ ತೆಗೆದುಕೊಳ್ಳುವ ದಿನ ಬಂತು. ಹೋಗಿ ಕುಳಿತರು. ಒಬ್ಬರೂ ಬರಲಿಲ್ಲ! ವಾಪಸ್ಸು ಬರುವಾಗ ಅವರಿಗೆ ಹೊಳೆಯಿತು: ಎಲ್ಲಕ್ಕೂ ಬೇಡಿದ್ದೆ, ಮಕ್ಕಳನ್ನು ಕಳಿಸು ಎಂದು ಮಾತ್ರ ಬೇಡಿರಲಿಲ್ಲ. ಅನಾಥರು ಊರಲ್ಲಿ ಬೇಕಾದಷ್ಟು ಇದ್ದಾರೆ, ಬಂದೇ ಬರುತ್ತಾರೆ ಎಂದುಕೊಂಡಿದ್ದರು. ಆ ಸಂಜೆ ಅದಕ್ಕಾಗಿ ಪ್ರಾರ್ಥಿಸಿದರು. ಮರುದಿನವೇ ಮೊದಲ ಅರ್ಜಿ ಬಂತು.

ಆದ್ದರಿಂದ ಪಟ್ಟಿ ಮಾಡಿ. ಎಡಗಡೆ ಬೇಕಾದದ್ದು: ಜನ, ಜಾಗ, ಹಣ, ಸಮಯ, ಕಲಿಕೆ, ಮನೆಯವರ ಒಪ್ಪಿಗೆ, ಸರ್ಕಾರದ ಪರವಾನಗಿ ಏನಾದರೂ ಇದ್ದರೆ ಅದೂ. ಬಲಗಡೆ ಖಾಲಿ ಬಿಡಿ, ಉತ್ತರ ಬಂದ ತಾರೀಖು ಬರೆಯಲು. ಕೊನೆಗೆ ಮುಲ್ಲರ್ ಸಾಲು ಎಂದು ಒಂದು ಇರಲಿ: "ಇದು ತಾನಾಗಿಯೇ ಆಗುತ್ತದೆ ಎಂದು ನಾನು ಯಾವುದನ್ನು ಬೇಡದೆ ಬಿಟ್ಟಿದ್ದೇನೆ?" ನನ್ನ ನಿಂತುಹೋದ ತರಗತಿಗೆ ಈ ಸಾಲು ಇದ್ದಿದ್ದರೆ ಅಲ್ಲಿ 'ನನ್ನ ಜೊತೆ ಇನ್ನೊಬ್ಬ ಶಿಕ್ಷಕಿ' ಎಂದು ಬರೆಯುತ್ತಿದ್ದೆ. ಏಳನೇ ವಾರ ನನಗೆ ಜ್ವರ ಬಂತು, ಪಾಠ ಹೇಳಲು ಬೇರೆ ಯಾರೂ ಇರಲಿಲ್ಲ.

ಹಣದ ಲೆಕ್ಕವನ್ನು ನಂಬಿಕೆಯ ಕೊರತೆ ಎಂದುಕೊಳ್ಳಬೇಡಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಹೇಳಿದ್ದು ಯೇಸುಸ್ವಾಮಿಯೇ (ಲೂಕ 14:28). ಲೆಕ್ಕದ ಹಾಳೆಯನ್ನು ಮುಂದಿಟ್ಟುಕೊಂಡೇ ಪ್ರಾರ್ಥಿಸಿ.

7. ಉತ್ತರ ಬಾರದಿದ್ದರೆ, ಬಾಗಿಲು ಮುಚ್ಚಿದರೆ

ಗಡುವಿನ ದಿನ ಬಂತು. ನೋಟ್‌ಬುಕ್ ತೆರೆದು ಕೂತಿದ್ದೀರಿ. ವಚನಗಳು, ಮೂವರ ಮಾತು, ಮನಸ್ಸಿನ ಒಲವು, ಪಟ್ಟಿಯ ಬಲಗಡೆ, ಎಲ್ಲವೂ ಒಂದೇ ದಿಕ್ಕಿಗೆ ತೋರಿಸುತ್ತಿದ್ದರೆ ಹೊರಡಿ. ಭಯ ಇನ್ನೂ ಇದೆಯಾ? ಇರಲಿ. ರಾಜನ ಮುಂದೆ ನಿಂತಾಗ ಬಹಳ ಹೆದರಿದೆ ಎಂದು ನೆಹೆಮೀಯನೇ ಬರೆದುಕೊಂಡಿದ್ದಾನೆ. 'ಸಮಾಧಾನ ಇಲ್ಲ, ಹಾಗಾಗಿ ದೇವರ ಚಿತ್ತ ಅಲ್ಲ' ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಮೋಶೆಗೆ ಉರಿಯುವ ಪೊದೆಯ ಮುಂದೆ ಎಲ್ಲಿತ್ತು ಸಮಾಧಾನ? ಬೇರೆ ಯಾರನ್ನಾದರೂ ಕಳಿಸು ಎಂದು ಗೋಗರೆದವನು ಅವನು.

ಎಲ್ಲವೂ ಚೆಲ್ಲಾಪಿಲ್ಲಿ ಆಗಿದ್ದರೆ ಇನ್ನೊಂದು ಅವಧಿ ಕಾಯಿರಿ. ಸೌಲ ರಾಜನು ಸಮುವೇಲನಿಗಾಗಿ ಏಳು ದಿನ ಕಾದನು. ಜನ ಚದರುತ್ತಿದ್ದಾರೆ ಎಂದು ಕಡೆಗೆ, ಸಮುವೇಲನು ಅರ್ಪಿಸಬೇಕಾಗಿದ್ದ ಯಜ್ಞವನ್ನು ತಾನೇ ಅರ್ಪಿಸಿಬಿಟ್ಟನು. ಅದು ಮುಗಿಯುತ್ತಿದ್ದ ಹಾಗೇ ಸಮುವೇಲನು ಬಂದನು. 1731ರಲ್ಲಿ ಹೆರ್ನ್‌ಹುಟ್ ಎಂಬ ಜರ್ಮನ್ ಹಳ್ಳಿಯ ಲಿಯೊನಾರ್ಡ್ ಡೋಬರ್, ಕೆರಿಬಿಯನ್ ದ್ವೀಪದ ಗುಲಾಮರ ನಡುವೆ ಸೇವೆಗೆ ಹೋಗುತ್ತೇನೆ ಎಂದಾಗ ಅವರ ಸಭೆ ತಕ್ಷಣ ಕಳಿಸಲಿಲ್ಲ. ಒಂದು ವರ್ಷ ಕಾಯಬೇಕಾಯಿತು. 1732ರ ಆಗಸ್ಟಿನಲ್ಲಿ ಅವರು ಡೇವಿಡ್ ನಿಟ್ಷ್‌ಮನ್ ಜೊತೆ ಹೊರಟರು. ಮೊರಾವಿಯನ್ ಸಭೆಯ ಮಿಷನರಿ ಸೇವೆ ಶುರುವಾದದ್ದು ಅಲ್ಲಿಂದ. ಒಂದು ವರ್ಷ ಕಾದರೂ ಆರದ ಕರೆ ಅದು. (ಅವರು ಕೊನೆಗೆ ಚೀಟಿ ಎತ್ತಿ ತೀರ್ಮಾನಿಸಿದರು. ಆ ಭಾಗವನ್ನು ನಾನು ಶಿಫಾರಸು ಮಾಡುವುದಿಲ್ಲ.)

ಕಾಯಲು ಆಗದ ಪರಿಸ್ಥಿತಿ ಇದ್ದರೆ ಹಿಂದಕ್ಕೆ ಬರಬಹುದಾದ ಸಣ್ಣ ಹೆಜ್ಜೆ ಇಡಿ. ಕೆಲಸ ಬಿಡುವ ಬದಲು ಎರಡು ತಿಂಗಳ ರಜೆ. ಊರು ಬಿಡುವ ಬದಲು ಹತ್ತು ದಿನ ಹೋಗಿ ಇದ್ದು ಬರುವುದು.

ಬಾಗಿಲು ಮುಚ್ಚಿದರೆ? ಪೌಲನು ಆಸ್ಯ ಸೀಮೆಗೆ ಹೋಗಬೇಕೆಂದಿದ್ದನು, ಪವಿತ್ರಾತ್ಮನು ತಡೆದನು. ಬಿತೂನ್ಯಕ್ಕೆ ಹೊರಟನು, ಅಲ್ಲೂ ಬಿಡಲಿಲ್ಲ. ತ್ರೋವಕ್ಕೆ ಬಂದ ಮೇಲೆ, ನಮ್ಮಲ್ಲಿಗೆ ಬಾ ಎಂದು ಕರೆಯುವ ಮಕೆದೋನ್ಯದವನೊಬ್ಬನ ದರ್ಶನ. ಕರೆ ಸುಳ್ಳಾಗಿರಲಿಲ್ಲ, ಊರು ಬೇರೆಯಾಗಿತ್ತು. ಇನ್ನೊಂದು ವಿಷಯ ನೋಡಿ: ದರ್ಶನ ಆದದ್ದು ಪೌಲನೊಬ್ಬನಿಗೆ, ಆದರೆ ದೇವರು ಕರೆದಿದ್ದಾರೆಂದು ನಿಶ್ಚಯಿಸಿಕೊಂಡದ್ದು 'ನಾವು' ಎಂದು ಲೂಕನು ಬರೆಯುತ್ತಾನೆ.

8. ಹೊರಟ ದಿನ, ಆಮೇಲಿನ ದಿನಗಳು

ನಾಲ್ಕು ತಿಂಗಳು ಪ್ರಾರ್ಥಿಸಿದ ಮೇಲೂ, ರಾಜ ಪ್ರಶ್ನೆ ಕೇಳಿದಾಗ ಉತ್ತರ ಕೊಡುವ ಮುಂಚೆ ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿದನು. ಎಷ್ಟು ಹೊತ್ತು ಸಿಕ್ಕಿದ್ದೀತು? ಉಸಿರು ಎಳೆದುಕೊಳ್ಳುವಷ್ಟು. ಹೊರಡುವ ದಿನಕ್ಕೆ ಅಂಥ ಒಂದು ಸಾಲಿನ ಪ್ರಾರ್ಥನೆ ನಾಲಿಗೆಯ ತುದಿಯಲ್ಲಿ ಇರಲಿ. ಮುಂದೆ ಶತ್ರುಗಳು ಬಂದಾಗ ಅವನೂ ಅವನ ಜನರೂ ಪ್ರಾರ್ಥಿಸಿದರು, ಹಗಲೂ ರಾತ್ರಿ ಕಾವಲೂ ಇಟ್ಟರು. ಒಂದು ಮಾಡಿ ಇನ್ನೊಂದನ್ನು ಬಿಡಲಿಲ್ಲ.

ಕಷ್ಟ ಬಂದ ಕೂಡಲೇ "ನಾನು ತಪ್ಪಾಗಿ ಕೇಳಿಸಿಕೊಂಡೆನಾ?" ಅನಿಸುತ್ತದೆ. ಎಲ್ಲರಿಗೂ ಅನಿಸುತ್ತದೆ. ಯೇಸುಸ್ವಾಮಿ ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುಂಚೆ ಬೆಟ್ಟದ ಮೇಲೆ ಇಡೀ ರಾತ್ರಿ ಪ್ರಾರ್ಥಿಸಿದರು (ಲೂಕ 6:12). ಬೆಳಗಾದ ಮೇಲೆ ಕರೆದ ಹೆಸರುಗಳಲ್ಲಿ, ಮುಂದೆ ಅವರನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನದ್ದೂ ಇತ್ತು. ಜೊತೆಗಿದ್ದವರು ಕೈಕೊಟ್ಟರು ಎಂದ ಮಾತ್ರಕ್ಕೆ ಆ ರಾತ್ರಿಯ ಪ್ರಾರ್ಥನೆ ಹುಸಿಯಾಯಿತು ಅನ್ನಲಾಗದು, ಅಲ್ವಾ?

ಕೆಲಸ ಶುರುವಾದ ಮೇಲೂ ನೋಟ್‌ಬುಕ್ ಮುಚ್ಚಬೇಡಿ. ರೆಫಾಯಿಮ್ ಕಣಿವೆಗೆ ಫಿಲಿಷ್ಟಿಯರು ಬಂದಾಗ ದಾವೀದನು ದೇವರನ್ನು ಕೇಳಿ ಹೋಗಿ ಗೆದ್ದನು. ಸ್ವಲ್ಪ ದಿನದ ಮೇಲೆ ಅದೇ ಫಿಲಿಷ್ಟಿಯರು ಅದೇ ಕಣಿವೆಗೆ ಮತ್ತೆ ಬಂದರು. ಹೋದ ಸಲದ ಉತ್ತರ ಕೈಯಲ್ಲೇ ಇತ್ತು. ಆದರೂ ದಾವೀದನು ಮತ್ತೆ ಕೇಳಿದನು. ಈ ಸಲ ಉತ್ತರ ಬೇರೆ ಬಂತು: ನೇರವಾಗಿ ಹೋಗಬೇಡ, ಹಿಂದಿನಿಂದ ಸುತ್ತಿಕೊಂಡು ಬಾ, ಮರಗಳ ತುದಿಯಲ್ಲಿ ಹೆಜ್ಜೆಯ ಸಪ್ಪಳ ಕೇಳಿದ ಮೇಲೆ ಹೊರಡು.

ನಮ್ಮ ಮಕ್ಕಳ ತರಗತಿ ಎರಡು ವರ್ಷದ ನಂತರ ಮತ್ತೆ ಶುರುವಾಯಿತು. ಈಗ ಮೂವರು ಕಲಿಸುತ್ತೇವೆ. ವರ್ಷಕ್ಕೆ ಎರಡು ಸಲ ಮೂವರೂ ಕುಳಿತು, ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುಗಿಸಿ, ಮೇಲೆ ತಾರೀಖು ಹಾಕಿ ಅದೇ ಮೊದಲ ಪ್ರಶ್ನೆಯನ್ನು ಬರೆಯುತ್ತೇವೆ: ಕರ್ತನೇ, ಇದನ್ನು ಮುಂದುವರಿಸಬೇಕೇ?